ಶೆಟ್ಟರ ಮನೆಯ ಶಟರಿನ ಕಣ್ಣು

ಗಂಗಾವತಿಯಲ್ಲಿ ಪ್ರಭುರಾಜ ಶೆಟ್ಟರ ಮನೆ ಎಲ್ಲಿ ಎಂದು ಕೇಳಿದರೆ ಆಟೋದವರು ತಲೆ ಕೆರೆದುಕೊಳ್ಳುತ್ತಾರೆ. ಶಟರ್ ಶೆಟ್ಟರ ಮನೆ ಎಂದರೆ ಸೀದಾ ತಂದು ಇಳಿಸುತ್ತಾರೆ. ಓಣಿಯ ಉಳಿದವರೆಲ್ಲ ಕಾರು ನಿಲ್ಲಿಸುವ ಜಾಗಕ್ಕೆ ಕಬ್ಬಿಣದ ಗೇಟು ಹಚ್ಚಿ, ಅದು ಕಿರುಗುಟ್ಟಿದಾಗ ಎರಡು ಮಾತು ಬೈದು ಸುಮ್ಮನಾಗುತ್ತಿದ್ದರು. ಪ್ರಭುರಾಜ ಮಾತ್ರ ರಿಮೋಟು ಒತ್ತಿದರೆ ತಾನೇ ಏರಿ ತಾನೇ ಇಳಿಯುವ ಶಟರು ಹಾಕಿಸಿದ್ದ. ಆ ಶಟರಿಗೆ ಕಣ್ಣುಗಳಿದ್ದವು. ಬಾಗಿಲ ಎಡಕ್ಕೊಂದು, ಬಲಕ್ಕೊಂದು, ಮೊಣಕಾಲೆತ್ತರದಲ್ಲಿ, ಹುಣಸೆಬೀಜದಷ್ಟು ಗಾತ್ರದವು. ಒಂದು ಕಣ್ಣು ಕಾಣದ ಬೆಳಕೊಂದನ್ನು ಎಸೆಯುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಬೆಕ್ಕೇ ಬರಲಿ, ಬೀಗರೇ ಬರಲಿ, ಬೆಳಕು ಕಡಿದ ಕೂಡಲೇ ಇಳಿಯುತ್ತಿದ್ದ ಶಟರು 'ಟೀ ಟೀ' ಎಂದು ಕೂಗಿ ನಿಂತು, ಬಂದ ದಾರಿಗೆ ಸುಂಕವಿಲ್ಲ ಎನ್ನುವಂತೆ ಮೇಲೇರಿಬಿಡುತ್ತದೆ.

ಪ್ರಭುರಾಜನದು ರೈಸ್‌ಮಿಲ್ಲುಗಳಿಗೆ ಬೆಲ್ಟು, ಬೇರಿಂಗು ಮಾರುವ ಅಂಗಡಿ. ಗ್ರೀಸು ಕಾಣದೆ ಸತ್ತ ಬೇರಿಂಗುಗಳ ಹೆಣಗಳನ್ನು ನೋಡಿ ನೋಡಿ ಅವನಿಗೆ ಯಂತ್ರದ ಆರೈಕೆಯೆಂದರೆ ನೇಮನಿಷ್ಠೆಯಾಗಿತ್ತು. ಶಟರು ಓಡಾಡುವ ಪಟ್ಟಿಗಳ ಧೂಳು ತಾನೇ ಒರೆಸುತ್ತಿದ್ದ, ಚೈನಿಗೆ ತಾನೇ ಗ್ರೀಸು ಹಚ್ಚುತ್ತಿದ್ದ. ವೈರಿನ ಕೆಲಸ ಮಾತ್ರ ಗೌರೀಶನದು. ಶಟರು ಕೂಡಿಸಿದವನೂ ಅವನೇ. ಇಬ್ಬರೂ ಕೊಪ್ಪಳದ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಪ್ರಿನ್ಸಿಪಾಲರ ಕೆಮ್ಮು, ಯಲಬುರ್ಗಾ ಬಸ್ಸಿನ ಹಾರ್ನು, ಮಿಲ್ಲಿನ ಸಿಳ್ಳು, ಎಲ್ಲವೂ ಗೌರೀಶನ ಗಂಟಲಿನಲ್ಲಿ ಬಾಡಿಗೆಗಿದ್ದವು. ಒಮ್ಮೆ ಕಾಲೇಜಿನ ಗಂಟೆಯನ್ನು ಬಾಯಲ್ಲೇ ಬಾರಿಸಿ ಇಡೀ ತರಗತಿಯನ್ನು ಹೊರಗೆ ಅಟ್ಟಿದ್ದ. ಅಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ರಭುರಾಜ.

ತಂಟೆ ಶುರುವಾದದ್ದು ಅಮಾವಾಸ್ಯೆಯಿಂದ. ವ್ಯಾಪಾರಸ್ಥರ ಮನೆ, ಅಮಾವಾಸ್ಯೆ ಬಂದರೆ ತಿರುಗುವುದು, ತೆರೆಯುವುದು, ತೂಗುವುದು ಎಲ್ಲಕ್ಕೂ ಪೂಜೆ. ಪ್ರಭುರಾಜನ ತಾಯಿ ಕಳಕಮ್ಮ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ, ಕಾರಿನ ಗಾಲಿಗೆ ಭಸ್ಮ ಹಚ್ಚಿ ಕುಂಕುಮವಿಟ್ಟು ಶಟರಿನ ಹತ್ತಿರ ಬಂದರು. ಕಣ್ಣಿರುವುದಕ್ಕೆ ಹಣೆ ಇರಲೇಬೇಕಲ್ಲ? ಹುಡುಕಿದರು, ಸಿಗಲಿಲ್ಲ. ಕಣ್ಣಿನ ಮೇಲೆಯೇ ಮೂರು ಬೆರಳು ಎಳೆದರು. ಶಟರು ಇಳಿಯಲು ಒಪ್ಪಲಿಲ್ಲ. ಒಂದು ಗೇಣು ಬರುವುದು, ಟೀ ಟೀ ಎನ್ನುವುದು, ಮೇಲೆ ಹೋಗುವುದು.

ಪ್ರಭುರಾಜ ಬಂದವನೇ ಕರವಸ್ತ್ರದಿಂದ ಭಸ್ಮ ಒರೆಸಿದ.

"ದೇವರ ಭಸ್ಮಾ ಒರಸ್ತೀಯಲ್ಲೋ ಪ್ರಭೂ!"

"ಯವ್ವಾ, ನಿನಗ ಇದೆಲ್ಲಾ ತಿಳಿಯಂಗಿಲ್ಲ. ಇದನ್ನ ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ."

"ಭಸ್ಮಾ ಹಚ್ಚಿದ್ರ ಕಣ್ಣು ತೆರೀತಾವಂತ ಕೇಳೀನಿ. ಮುಚ್ಚತಾವಂತ ನಿನ್ನ ಬಾಯಾಗಽ ಮೊದಲ ಕೇಳಿದ್ದು."

ಅಂದು ಕಳಕಮ್ಮ ಹೋಳಿಗೆ ಮುಟ್ಟಲಿಲ್ಲ. ಮುಂದಿನ ಅಮಾವಾಸ್ಯೆಗೂ ಇದೇ ಜಗಳ, ಇದೇ ಉಪವಾಸ. ಅದರ ಮುಂದಿನದಕ್ಕೆ ಗೌರೀಶ ಬಂದು ಏನೋ ಮಾಡಿದ. "ಹೊಸಾ ಸೆಟ್ಟಿಂಗ್ ಮಾಡೀನಿ ದೋಸ್ತ. ಭಸ್ಮಾ ಇದ್ರೂ ಕಾಣತೈತಿ, ಮನಿಶ್ಯಾ ಬಂದ್ರೂ ನಿಲ್ಲತೈತಿ," ಎಂದ. ಪ್ರಭುರಾಜ ಪರೀಕ್ಷೆ ಮಾಡಿ ತೋರಿಸು ಎಂದ. ಗೌರೀಶ ಶಟರಿನ ಕೆಳಗೆ ಬೇರಿಂಗಿನ ಖಾಲಿ ಡಬ್ಬಿಯಿಟ್ಟು ಪ್ರಭುರಾಜನ ಬೆನ್ನ ಹಿಂದೆ ಬಂದು ನಿಂತ. ಶಟರು ಇಳಿಯಿತು. ಟೀ ಟೀ. ನಿಂತಿತು, ಏರಿತು. ಆಮೇಲೆ ಗೌರೀಶ ಸರ್ವಿಸ್‌ಗೆ ಬಂದಾಗಲೆಲ್ಲ ಇದೇ ಪರೀಕ್ಷೆ, ಇದೇ ಪಾಸು.

ಪ್ರಭುರಾಜನ ಹೆಮ್ಮೆಗೆ ಮೇರೆಯಿರಲಿಲ್ಲ. ಒಂದನೇ ತರಗತಿಯ ಮಗಳು ಅಮೃತಾಳನ್ನು ಬಗಲಲ್ಲಿ ಎತ್ತಿಕೊಂಡು ಬಂದು ತೋರಿಸಿದ. "ನೋಡು ಪುಟ್ಟಿ, ಶಟರಿಗೆ ಕಣ್ಣದಾವ. ನೀ ಕೆಳಗ ನಿಂತ್ರ ನಿನ್ನ ನೋಡತೈತಿ. ನೋಡಿದ ಕೂಡಲೇ ನಿಂತಬಿಡತೈತಿ."

"ರಾತ್ರಿನೂ ನೋಡತೈತೇನು?"

"ನೀ ಮಲಗಿದ ಮ್ಯಾಲೂ ನೋಡತೈತಿ."

ಒಂದು ಸೋಮವಾರ ಬೆಳಿಗ್ಗೆ, ಶಾಲೆಗೆ ಹೊತ್ತಾಗಿತ್ತು. ಪ್ರಭುರಾಜ ಕಾರನ್ನು ರಸ್ತೆಗೆ ತಂದು, ಕಿಟಕಿಯಿಂದ ರಿಮೋಟು ಒತ್ತಿ, ಅದನ್ನು ಪಕ್ಕದ ಸೀಟಿಗೆ ಎಸೆದ. ಅಮೃತಾ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ ಎಂದುಕೊಂಡಿದ್ದ. ಕನ್ನಡಿಯಲ್ಲಿ ನೋಡಿದರೆ ಮಗಳು ಶಟರಿನ ನಟ್ಟನಡುವೆ, ಪೊಲೀಸಿನವರ ಹಾಗೆ ಒಂದು ಕೈ ಮುಂದೆ ಚಾಚಿ ನಿಂತಿದ್ದಳು. ನಗುತ್ತಿದ್ದಳು. ಪ್ರಭುರಾಜನಿಗೂ ನಗು ಬಂತು. ಈಗ ನಿಲ್ಲುತ್ತದೆ ಎಂದು ಅವನೂ ಕಾದ.

ಶಟರು ಇಳಿಯುತ್ತಲೇ ಇತ್ತು.

ರಿಮೋಟಿಗೆ ಕೈ ಹಾಕಿದ. ಅದು ಸೀಟಿನಿಂದ ಜಾರಿ ಕೆಳಗೆ ಬಿದ್ದಿತ್ತು. ಬಗ್ಗಿದ, ತಡಕಾಡಿದ, ಸಿಕ್ಕಿತು, ಸಿಕ್ಕ ಗುಂಡಿಯನ್ನೆಲ್ಲ ಒತ್ತಿದ. ಶಟರು ಅಮೃತಾಳ ಜಡೆಯ ರಿಬ್ಬನ್ನಿಗೆ ತಾಗಿ ನಿಂತಿತು. ಅವನು ಓಡಿಹೋಗಿ ಎಳೆದುಕೊಂಡಾಗ ಹುಡುಗಿ ಅಳಲಿಲ್ಲ. ಆ ಪುಟ್ಟ ಕಣ್ಣನ್ನೇ ನೋಡುತ್ತಿದ್ದಳು.

"ಪಪ್ಪಾ, ಅದು ನನ್ನ ನೋಡಲಿಲ್ಲ."

ಆ ದಿನ ಶಾಲೆಯೂ ಇಲ್ಲ, ಅಂಗಡಿಯೂ ಇಲ್ಲ. ಪ್ರಭುರಾಜ ಮೇನ್ ಬಂದ್ ಮಾಡಿ, ಶಟರಿನ ವೈರುಗಳೆಲ್ಲ ಸೇರುವ ಗೋಡೆಯ ಮೇಲಿನ ಡಬ್ಬಿಯ ಮುಚ್ಚಳ ಬಿಚ್ಚಿದ. ಕಣ್ಣುಗಳಿಂದ ಬಂದಿದ್ದ ವೈರುಗಳು ತುದಿಗೆ ಟೇಪು ಸುತ್ತಿಸಿಕೊಂಡು ಮೂಲೆಯಲ್ಲಿ ಜೋತುಬಿದ್ದಿದ್ದವು. ಅವು ಇರಬೇಕಾದ ಕಡೆ, ಆ ತುದಿಯಿಂದ ಈ ತುದಿಗೆ, ಬೆರಳುದ್ದದ ಒಂದು ಕೆಂಪು ವೈರು. ದಾರಿ ಯಾವಾಗಲೂ ಖಾಲಿಯಿದೆ ಎಂದು ಮೋಟಾರಿಗೆ ಹಗಲಿರುಳು ಸುಳ್ಳು ಹೇಳುತ್ತಿದ್ದ ಬೆರಳುದ್ದದ ವೈರಿ.

ಅವನಿಗೆ ಮೊದಲು ಅರ್ಥವಾಗದೆ ಉಳಿದದ್ದು ವೈರಲ್ಲ, ಸದ್ದು.

"ಶಿವಲೀಲಾ," ಎಂದು ಹೆಂಡತಿಯನ್ನು ಕರೆದ. "ಕಣ್ಣಿನ ವೈರಽ ಕಿತ್ತಾವು. ಹಂಗಾರ ಹೋದ ತಿಂಗಳ ಟೆಸ್ಟಿನಾಗ ಟೀ ಟೀ ಅಂದಿದ್ದು ಯಾವುದು?"

ಶಿವಲೀಲಾ ಸೆರಗಿನ ಅಂಚು ನೋಡತೊಡಗಿದಳು. ಬಾಗಿಲಲ್ಲಿದ್ದ ಕಳಕಮ್ಮ ಒಳಗೆ ಸರಿದರು.

"ಅದು ಗೌರೀಶಣ್ಣನ ಬಾಯಿರೀ."

"ಬಾಯಿ?"

"ಕಿಸೆದಾಗ ಇನ್ನೊಂದು ರಿಮೋಟ್ ಇಟ್ಕೊಂಡಿದ್ರು. ಅದನ್ನ ಒತ್ತಿ ನಿಲ್ಲಿಸೋದು, ನಿಮ್ಮ ಬೆನ್ನ ಹಿಂದ ನಿಂತು ಬಾಯಿಲೆ ಅನ್ನೋದು."

"ನಿನಗ ಗೊತ್ತಿತ್ತು."

"ಗೊತ್ತಿತ್ರೀ. ಅತ್ತಿಗೂ ಗೊತ್ತಿತ್ತು." ತಲೆ ಎತ್ತಿದಳು. "ನಾ ಏನ್ ಮಾಡ್ಲಿರೀ? ಅಮಾಸಿ ಬಂತಂದ್ರ ನಿಮ್ಮಿಬ್ಬರ ನಡುವ ನಾ ಚಟ್ನಿ ಆಗತಿದ್ದೆ. ಅವರು ಉಣ್ಣಂಗಿಲ್ಲ, ನೀವು ಮಾತಾಡಂಗಿಲ್ಲ. ಶಟರ್ ಸಾವಕಾಶ ಇಳೀತೈತಿ, ಅದರ ಕೆಳಗ ಯಾರು ಹೋಗಿ ನಿಲ್ಲತಾರಂತ ಸುಮ್ನಿದ್ದೆ. ಕೂಸಿಗೆ ನೀವು ಹಂಗ ಹೇಳಿಕೊಟ್ಟೀರಂತ ನನಗೇನು ಕನಸು ಬಿದ್ದಿತ್ತೇನ್ರೀ?"

ಪ್ರಭುರಾಜ ಕೇಳಬಾರದಿತ್ತು, ಕೇಳಿದ. "ನಾ ಒಳಗ ಹೋದ ಮ್ಯಾಲ ಏನ್ ಮಾಡತಿದ್ರಿ?"

ಶಿವಲೀಲಾ ಮತ್ತೆ ಸೆರಗಿನ ಅಂಚು ಹಿಡಿದಳು.

"ನಗತಿದ್ವಿ," ಎಂದಳು.

ಮೋಸ ಹೋದೆ ಎಂಬುದನ್ನು ಮನುಷ್ಯ ಹೇಗೋ ಅರಗಿಸಿಕೊಂಡಾನು. ತನ್ನದೇ ಮನೆಯ ಪಡಸಾಲೆಯಲ್ಲಿ, ತನ್ನ ಬೆನ್ನ ಹಿಂದೆ, ತನ್ನದೇ ಚಹಾ ಕುಡಿಯುತ್ತ ಎಲ್ಲರೂ ನಕ್ಕರು ಎಂಬುದು ಗಂಟಲಲ್ಲಿ ಇಳಿಯಲಿಲ್ಲ. ಕಣ್ಣಿಗೆ ಮಣ್ಣೆರಚಿದರು ಎನ್ನುತ್ತಾರೆ. ಮಣ್ಣಾದರೆ ತೊಳೆದುಕೊಳ್ಳಬಹುದಿತ್ತು.

ಫೋನು ಮಾಡಿದಾಗ ಗೌರೀಶ ಕುಷ್ಟಗಿಯಲ್ಲಿ ಯಾರದೋ ಶಟರು ಕೂಡಿಸುತ್ತಿದ್ದ. ಊಟದ ಹೊತ್ತಿಗೆ ಬಂದ. ಬಾಗಿಲಲ್ಲೇ ಕಂಡಕ್ಟರನ ದನಿ ಹಚ್ಚಿದ: "ಗಂಗಾವತಿ, ಗಂಗಾವತಿ! ಊಟ ಮಾಡೋರು ಇಳೀರಿ, ಬೈಸ್ಕೊಳ್ಳೋರು ಕುಂದರ್ರಿ!" ಯಾರೂ ನಗಲಿಲ್ಲ. ತೆರೆದ ಡಬ್ಬಿ ಕಂಡಿತು. ಕಂಡಕ್ಟರ್ ಅಲ್ಲೇ ಇಳಿದುಹೋದ.

"ಟೀ ಟೀ ಅನ್ನಲೇ ಗೌರ್ಯಾ."

"ಪ್ರಭೂ..."

"ಅನ್ನು. ನನ್ನ ಹಿಂದ ನಿಂತು ಭಾಳ ಸಲ ಅಂದೀಯಂತ. ಮುಂದ ನಿಂತು ಒಮ್ಮೆ ಅನ್ನು."

ಗೌರೀಶ ಕಾರಿಗೆ ಒರಗಿದ. "ನಿಮ್ಮವ್ವ ಅಳಾಕ ಹತ್ತಿದ್ಲೋ. ಪೂಜಿ ಮುಗಿಯೋ ತನಕ ಅಂತ ವೈರ್ ಹಾಕಿದ್ದೆ, ಮರುದಿನ ಬಂದು ಕೀಳಬೇಕಂತಿದ್ದೆ. ಅಷ್ಟರಾಗ ನೀ ಟೆಸ್ಟ್ ತೋರಸು ಅಂದಿ. ಬಾಯಿಗೆ ಬಂತು, ಅಂದುಬಿಟ್ಟೆ. ನೀ ನಂಬಿದಿ. ಇವರು ನಕ್ರು."

"ನಕ್ಕಾರಂತ ಮತ್ತ ಮತ್ತ ಅಂದಿ."

"ಹೂಂ."

"ಕಾಲೇಜಿನ ಗಂಟಿ ಅಲ್ಲಲೇ ಅದು!" ಪ್ರಭುರಾಜನ ದನಿ ಒಡೆಯಿತು. "ನಿನ್ನ ಬಾಯಿನ ನಂಬಿ ನಾ ನನ್ನ ಕೂಸಿನ್ನ ಅದರ ಕೆಳಗ ನಿಂದರಿಸೀನಿ."

ಒಳಗಿನಿಂದ ಕಳಕಮ್ಮ ಬಂದರು. "ಅವನ್ನೊಬ್ಬನ್ನ ಬೈಬ್ಯಾಡಪಾ. ಮಾಡು ಅಂದಾಕಿ ನಾನು. ಆ ಕಣ್ಣು ಯಾಕ ಬೇಕಂತ ನೀ ನನಗ ಒಮ್ಮೆರ ಹೇಳಿದಿ? ತಿಳಿಯಂಗಿಲ್ಲ, ಮುಟ್ಟಬ್ಯಾಡ, ಇಷ್ಟಽ. ಕೂಸಿನ ಸಲುವಾಗಿ ಅಂದಿದ್ರ ನಾ ಗೋಡಿಗೆ ಭಸ್ಮಾ ಹಚ್ಚತಿದ್ದೆ."

ಪ್ರಭುರಾಜ ತೆರೆದ ಡಬ್ಬಿಯತ್ತ ತಿರುಗಿದ. ಕೆಂಪು ವೈರು ಕಿತ್ತ. ಕಣ್ಣಿನ ವೈರುಗಳನ್ನು ಅವುಗಳ ಜಾಗಕ್ಕೆ ಸೇರಿಸಿದ. ಹೆಪ್ಪುಗಟ್ಟಿದ್ದ ಭಸ್ಮವನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಈ ಸಲ ತಾಯಿ ತಡೆಯಲಿಲ್ಲ. ಮೇನ್ ಹಾಕಿದ. ಆಮೇಲೆ ಒಂದು ಚರಗಿ ನೀರು ತರಿಸಿದ. ಬಿಸಿಲಲ್ಲಿ ಬಂದಿದ್ದ ಗೌರೀಶ ಕುಡಿಯಲೆಂದು ಕೈ ಚಾಚಿದ.

"ನುಂಗಬ್ಯಾಡ. ಬಾಯಿ ತುಂಬ ಹಿಡಕೊ. ಕಿಸೆದಾಗಿನ ರಿಮೋಟ್ ಇಲ್ಲೆ ಕೊಡು. ಎರಡೂ ಕೈ ಮ್ಯಾಲೆತ್ತು."

"ಪ್ರಭೂ, ನಾನೋ..."

"ಬಾಯಿ ತುಂಬಲೇ."

ಗೌರೀಶ ತುಂಬಿಕೊಂಡ. ಕಳ್ಳನ ಹಾಗೆ ಕೈ ಎತ್ತಿ ಗೋಡೆಗೆ ಒರಗಿ ನಿಂತ. ಪ್ರಭುರಾಜ ಖಾಲಿ ಡಬ್ಬಿಯನ್ನು ಶಟರಿನ ಕೆಳಗಿಟ್ಟು ಗುಂಡಿ ಒತ್ತಿದ. ಶಟರು ಹೊರಟಿತು, ಒಂದು ಗೇಣು ಬಂತೋ ಇಲ್ಲವೋ, ಟೀ ಟೀ ಎಂದು ನಿಂತು ಮೇಲೇರಿತು. ಸದ್ದು ಗೋಡೆಯ ಮೇಲಿನ ವೈರಿನ ಡಬ್ಬಿಯಿಂದಲೇ ಬಂದಿತ್ತು. ಆದರೂ ಪ್ರಭುರಾಜ ನೋಡಿದ್ದು ಗೌರೀಶನ ಬಾಯನ್ನು. ಉಬ್ಬಿದ ಗಲ್ಲ, ಬಿಗಿದ ತುಟಿ, ಗದ್ದಕ್ಕೆ ಇಳಿಯುತ್ತಿದ್ದ ನೀರಿನ ಒಂದು ಎಳೆ.

"ಪುಟ್ಟಿ," ಎಂದು ಮಗಳನ್ನು ಕರೆದ. "ಕಾಣಲಿ, ಬಿಡಲಿ, ಇನ್ನ ಮ್ಯಾಲ ಅದರ ಕೆಳಗ ನಿಲ್ಲಬಾರದು. ಆದ್ರ ಈಗ ಅದಕ್ಕ ಖರೇನಽ ಕಾಣತೈತಿ. ಹೆದರಬ್ಯಾಡ."

ಅಮೃತಾ ಅಜ್ಜಿಯ ಸೆರಗು ಬಿಡಲಿಲ್ಲ. "ಖರೇ ಅಂತ ಯಾರು ಹೇಳಿದ್ರು?"

"ನಾ ಹೇಳತೀನಿ."

"ಮೊದಲೂ ನೀನಽ ಹೇಳಿದ್ದಿ," ಎಂದು ಹುಡುಗಿ ಅಜ್ಜಿಯನ್ನು ಎಳೆದುಕೊಂಡು ಒಳಗೆ ಹೋದಳು. ಶಿವಲೀಲಾ ಅವರ ಹಿಂದೆ ಹೋದಳು.

ಪ್ರಭುರಾಜ ಡಬ್ಬಿಯನ್ನು ಕಾಲಿನಿಂದ ಸ್ವಲ್ಪ ಎಡಕ್ಕೆ ಸರಿಸಿದ. ಗೌರೀಶನ ಕಣ್ಣುಗಳು ತುಂಬಿದ್ದವು, ಬಾಯಿಯೂ ತುಂಬಿತ್ತು. ಸಾಕೇ ಎಂದು ಹುಬ್ಬಿನಿಂದ ಕೇಳಿದ.

"ಇನ್ನೊಮ್ಮೆ," ಎಂದು ಪ್ರಭುರಾಜ ಗುಂಡಿ ಒತ್ತಿದ.