ಗೂಡ್ಸ್ ಗಾಡಿ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬಡಾವಣೆಯಲ್ಲಿ ಚಿಕ್ಕಲಕ್ಷ್ಮಮ್ಮನ ಬಾಯಿಗೆ ಹೆದರದವರು ಕಡಿಮೆ. ಅಂಥ ಬಾಯಿ ಇಟ್ಟುಕೊಂಡೂ ಆ ಭಾನುವಾರದ ಸಭೆಯಲ್ಲಿ ಅವಳು ಮಗನ ಅನ್ನಕ್ಕೆ ತಾನೇ ಮಣ್ಣು ಹಾಕಿದಳು. ಹಾಕುವುದನ್ನು ನೋಡುತ್ತ ಸುತ್ತ ಕೂತವರೆಲ್ಲ ಸುಮ್ಮನಿದ್ದರು.

ಮಗ ನಾಗರಾಜುವಿಗೆ ಒಂದು ಟೆಂಪೋ ಇದೆ. ಬೈರಮಂಗಲದ ಕಡೆಯಿಂದ ತರಕಾರಿ ಹೇರುತ್ತಾನೆ, ಸಿಮೆಂಟು ಹೇರುತ್ತಾನೆ, ಮನೆ ಬದಲಾಯಿಸುವವರ ಬೀರು ಮಂಚವನ್ನೂ ಹೇರುತ್ತಾನೆ. ಮೊದಲು ಅದನ್ನು ಹೆದ್ದಾರಿ ಪಕ್ಕದ ಬಯಲಿನಲ್ಲಿ ನಿಲ್ಲಿಸುತ್ತಿದ್ದ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬ್ಯಾಟರಿಯೂ ಇಲ್ಲ, ಸ್ಟೆಪ್ನಿಯೂ ಇಲ್ಲ. ಅಂದಿನಿಂದ ಗಾಡಿ ಮನೆ ಮುಂದೆಯೇ ನಿಲ್ಲುತ್ತಿತ್ತು. ಮನೆಯಲ್ಲಿ ಅದಕ್ಕೆ ಟೆಂಪೋ ಎಂದೇ ಹೆಸರು. ಊರವರ ಬಾಯಲ್ಲಿ ಅದಕ್ಕೆ ಇನ್ನೊಂದು ಹೆಸರಿರಬಹುದೆಂದು ಚಿಕ್ಕಲಕ್ಷ್ಮಮ್ಮನಿಗೆ ಹೊಳೆದದ್ದೇ ಇಲ್ಲ.

ಅವಳ ಸಿಟ್ಟೆಲ್ಲ ರೇಷ್ಮೆಗೂಡು ತರುವ ಗಾಡಿಗಳ ಮೇಲೆ. ಎಲ್ಲೆಲ್ಲಿಂದಲೋ ಬಂದು, ಹರಾಜಿನ ಹಿಂದಿನ ದಿನವೇ ಬೀದಿಯಲ್ಲಿ ಠಿಕಾಣಿ ಹೂಡುತ್ತಿದ್ದವು. ಹುಳದ ವಾಸನೆ ಒಂದು ಕಡೆ, ಅವಳ ಕಾಂಪೌಂಡಿನ ಮರೆಯಲ್ಲೇ ನೀರು ಬಿಡುವ ಗಂಡಸರು ಇನ್ನೊಂದು ಕಡೆ. ಬಡಾವಣೆಯ ಸಂಘದವರು ಗಾಡಿ ನಿಲ್ಲಿಸುವುದಕ್ಕೆ ನಿಯಮ ಮಾಡುತ್ತಾರಂತೆ ಎಂದು ಕೇಳಿದ್ದೇ ತಡ, ತಲೆ ಬಾಚಿಕೊಂಡು ಎಲ್ಲರಿಗಿಂತ ಮುಂಚೆ ಗಣಪತಿ ಗುಡಿಯ ಅಂಗಳಕ್ಕೆ ಹೋಗಿ ಮುಂದಿನ ಕುರ್ಚಿ ಹಿಡಿದಳು. ಸೈಟು ಅವಳ ಹೆಸರಿನಲ್ಲಿತ್ತು, ಹಾಗಾಗಿ ಸಭೆಯಲ್ಲಿ ಮಾತೂ ಅವಳದೇ. ನಾಗರಾಜು ಲೋಡು ತೆಗೆದುಕೊಂಡು ಮಾಗಡಿಗೆ ಹೋಗಿದ್ದ.

ಸಂಘದ ಅಧ್ಯಕ್ಷರು ಪ್ರಭುಲಿಂಗ. ನಿವೃತ್ತಿಯ ದುಡ್ಡಿನಲ್ಲಿ ಕಾರು ಕೊಂಡ ಮೇಲೆ ಅವರಿಗೆ ಬೀದಿ ಇಕ್ಕಟ್ಟಾಗಿ ಕಾಣತೊಡಗಿತ್ತು. "ಇನ್ಮೇಲೆ ನಮ್ಮ ಬೀದಿಗಳಲ್ಲಿ ಗೂಡ್ಸ್ ಗಾಡಿ ನಿಲ್ಲಿಸೋ ಹಾಗಿಲ್ಲ. ಏನಂತೀರಿ?" ಎಂದರು.

ಗೂಡು ಮಾರುವ ಊರಿನಲ್ಲಿ ಹುಟ್ಟಿ, ಗೂಡು ಬಿಡಿಸಿ, ಗೂಡಿನ ದುಡ್ಡಿನಲ್ಲೇ ಮದುವೆಯಾದ ಹೆಂಗಸಿಗೆ ಆ ಮಾತು ಹೇಗೆ ಕೇಳಿಸಬೇಕೋ ಹಾಗೇ ಕೇಳಿಸಿತು. ಒಂದಿದ್ದರೆ ಗೂಡು, ಮೂಟೆಗಟ್ಟಲೆ ಇದ್ದರೆ ಗೂಡ್ಸು. ಫ್ರೆಂಡ್ಸು, ಲೈಟ್ಸು ಎನ್ನುವುದಿಲ್ಲವೇ?

"ನಿಲ್ಲಿಸ್ಕೂಡ್ದು ಕಣಪ್ಪಾ! ಗಬ್ಬುನಾತ. ಉಣ್ಣಕ್ಕೆ ಕುಂತ್ರೆ ಅನ್ನ ಗಂಟ್ಲಲ್ಲಿ ಇಳಿಯಾಕಿಲ್ಲ. ಇವತ್ತೇ ಓಡ್ಸಿ!" ಎಂದಳು.

ಹಿಂದಿನಿಂದ ಅದ್ನಾನ್ ಎದ್ದ. ಕೊನೆಯ ಮನೆಯಲ್ಲಿ ಬಾಡಿಗೆಗಿದ್ದು ಗೂಡಿನ ಗಾಡಿ ಓಡಿಸುವವನು. "ಹೊಟ್ಟೆಪಾಡು ಸಾರ್. ಗಾಡಿ ಎಲ್ಲಿ ನಿಲ್ಸೋಣ? ನಾಗರಾಜಣ್ಣಂದೂ..."

"ಬಾಡಿಗೆಯವರಿಗೆ ಇಲ್ಲಿ ಮಾತಿಲ್ಲ, ಕೂತ್ಕೊಳಪ್ಪ," ಎಂದು ಪ್ರಭುಲಿಂಗ ಅವನ ಬಾಯಿ ಮುಚ್ಚಿಸಿದರು.

ನನ್ನ ಮಗನ ಹೆಸರು ಹಿಡಿದು ಜಾರಿಕೊಳ್ಳಲು ನೋಡುತ್ತಾನಲ್ಲ ಎಂದು ಚಿಕ್ಕಲಕ್ಷ್ಮಮ್ಮ ಅವನನ್ನು ಗುರಾಯಿಸಿದಳು. ಒಪ್ಪಿದವರು ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ಅವಳ ಕೈ. ಪಕ್ಕದ ಮನೆಯ ಯಶೋಧಾ ಅವಳ ಮುಖವನ್ನೊಮ್ಮೆ ನೋಡಿದಳು. ಏನೋ ಹೇಳಲು ಹೋಗಿ ಹೇಳದೆ, ತಾನೂ ಕೈ ಎತ್ತಿದಳು.

ಸಂಜೆ ನಾಗರಾಜು ಬಂದು ಗಾಡಿ ನಿಲ್ಲಿಸುವಷ್ಟರಲ್ಲಿ ಸಂಘದವರು ವಿಷಯ ಮುಟ್ಟಿಸಿದ್ದರು.

"ಅವ್ವ, ನೀನೇ ಮೊದ್ಲು ಕೈ ಎತ್ತಿದ್ಯಂತೆ?"

"ಊಂ ಕಣ್ಲಾ. ಆ ಗೂಡಿನ ಗಾಡಿಗೊಳ್ಗೆ."

"ಗೂಡಲ್ಲ ಕಣವ್ವ, ಗೂಡ್ಸು. ಸಾಮಾನು ಹೇರೋ ಗಾಡಿಗೆಲ್ಲ ಹಂಗಂತಾರೆ. ನಮ್ ಟೆಂಪೋಗೂವೆ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಸಿ ಹಗುರವಾಗುತ್ತಿತ್ತು. ಹೊದಿಕೆಯೊಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಗಾಡಿಯಲ್ಲೇ ಮಲಗಿ ಕಾಯುತ್ತೇನೆಂದು ಹೆದ್ದಾರಿಯ ಬಯಲಿಗೆ ಹೊರಟುಹೋದ. ಸೊಂಟನೋವಿನ ಮಗ ಸೀಟಿನ ಮೇಲೆ ಮುದುರಿಕೊಂಡು ಮಲಗುವುದನ್ನು ನೆನೆಯುತ್ತ ಅವಳು ಬಾಗಿಲಲ್ಲೇ ಕೂತಳು.

ಮುಂದಿನ ಭಾನುವಾರ ಮತ್ತೆ ಸಭೆ. ಅವಳೇ ಹೇಳಿ ಸೇರಿಸಿದ್ದಳು. "ನಾನು ಹುಳದ ಗೂಡು ಅಂದ್ಕಂಡ್ಬುಟ್ಟೆ," ಎಂದಾಗ ಅಂಗಳವೆಲ್ಲ ಗೊಳ್ಳೆಂದಿತು. ಕೆಲವರು ಕಣ್ಣೊರೆಸಿಕೊಂಡು ನಕ್ಕರು.

"ನಗಿ ನಗಿ. ಅವತ್ತು ನಾನು ತಪ್ಪು ತಿಳ್ಕಂಡಿವ್ನಿ ಅಂತ ನಿಮ್ಗೆ ಗೊತ್ತಾಗ್ನಿಲ್ವಾ?"

ನಗು ನಿಂತಿತು. ಇಲ್ಲ ಎಂದು ಯಾರೂ ಹೇಳಲಿಲ್ಲ.

"ನೀವೇ ಅಷ್ಟು ಖಂಡಿತವಾಗಿ ಹೇಳ್ತಿದ್ರಿ. ನಡುವೆ ಬಾಯಿ ಹಾಕೋದು ಸರಿಯಲ್ಲ ಅಂತ ಸುಮ್ಮನಿದ್ವಿ ಅಮ್ಮಾ," ಎಂದರು ಪ್ರಭುಲಿಂಗ.

ಹಾಗಾದರೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. "ಆಯ್ತು ಬುಡಿ. ನನ್ ಮಗನ ಗಾಡಿ ಮನೆ ಮುಂದೆ ನಿಂತ್ಕಳ್ಳಿ ಅನ್ನೋರು ಈಗ ಕೈ ಎತ್ತಿ," ಎಂದಳು.

ಯಶೋಧಾಳ ಕಡೆಗೇ ನೋಡಿದಳು. ಅವಳ ಗಂಡನಿಗೆ ಎದೆನೋವು ಬಂದು ಯಾವ ಆಟೋವೂ ಸಿಗದಿದ್ದಾಗ, ಟೆಂಪೋದಲ್ಲಿ ಹಾಸಿಗೆ ಹಾಸಿ ಆಸ್ಪತ್ರೆಗೆ ಮುಟ್ಟಿಸಿದವನು ನಾಗರಾಜು. ಯಶೋಧಾಳ ಕೈ ಮೇಲೆದ್ದಿತು. ಚಿಕ್ಕಲಕ್ಷ್ಮಮ್ಮನಿಗೆ ಹೋದ ಜೀವ ಬಂದಂತಾಯಿತು. ಆ ಕೈ, ಜಾರಿದ ಸೆರಗನ್ನು ಹೆಗಲಿಗೆ ಸರಿಮಾಡಿ, ಮತ್ತೆ ಮಡಿಲಿಗಿಳಿದು ಕೂತಿತು.

ಬೇರೆ ಯಾರೂ ಎತ್ತಲಿಲ್ಲ.

ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಪ್ರಭುಲಿಂಗ ಹಿಂದೆಯೇ ಬಂದರು. "ಬೇಜಾರು ಮಾಡ್ಕೋಬೇಡಿ ಅಮ್ಮಾ, ನಿಯಮ ಅಂದ್ರೆ ಎಲ್ಲರಿಗೂ ಒಂದೇ," ಎಂದರು. ಆಮೇಲೆ ದನಿ ತಗ್ಗಿಸಿದರು. "ಬುಧವಾರ ಮಗಳ ಮನೆ ಸಾಮಾನು ಕನಕಪುರಕ್ಕೆ ಸಾಗಿಸ್ಬೇಕು. ಹೊರಗಿನೋರು ಬಾಡಿಗೆ ಸಿಕ್ಕಾಪಟ್ಟೆ ಕೇಳ್ತಾರೆ. ನಾಗರಾಜುಗೆ ಹೇಳ್ತೀರಾ? ಸಾಮಾನು ಹೇರೋವರೆಗೂ ಗಾಡಿ ನಮ್ಮ ಮನೆ ಮುಂದೆ ನಿಂತಿರ್ಲಿ, ಯಾರೂ ಏನೂ ಅನ್ನಲ್ಲ."

ಅವಳ ನಾಲಿಗೆಯ ತುದಿಗೆ ಇದ್ದಬದ್ದ ಬೈಗುಳವೆಲ್ಲ ಬಂದು ನಿಂತಿತು. ಆ ವಾರ ಟೆಂಪೋಗೆ ಸಿಕ್ಕಿದ್ದ ಬಾಡಿಗೆಯೂ ಅಷ್ಟಕ್ಕಷ್ಟೆ. ಇನ್ನೊಂದು ಕಾಲಿಗೂ ಚಪ್ಪಲಿ ಹಾಕಿಕೊಂಡಳು.

"ಕಳಿಸ್ತೀನಿ ಬುಡಿ," ಎಂದಳು.