ನಾಲ್ಕನೆಯ ಏಟು

"ನಾ ಹೇಳ್ತೀನಿ, ನೀವ್ ಬರೀರಿ. ಅಷ್ಟ ನಿಮ್ ಕೆಲಸ," ಎನ್ನುತ್ತ ಅಣ್ಣಪ್ಪ ಮೇಜಿಗೆ ಗುದ್ದಿದ. ಪೆನ್ಸಿಲ್ ಡಬ್ಬಿ ಮಗುಚಿ ಬಿತ್ತು. ರಾಜೀವಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. ಮಲಯಾಳಂ ಸೀಮೆಯ ಪಟ್ಟಂನ ಈ ಕಾಲೇಜಿನಲ್ಲಿ, ವಿದ್ಯಾರ್ಥಿಗಳ ಬರಹಕ್ಕೆ ನೆರವಾಗುವ ಬರವಣಿಗೆ ಕೇಂದ್ರದ ಕೆಲಸಕ್ಕೆ ಬಂದ ಮೂರು ವರ್ಷಗಳಲ್ಲಿ ಅಳುವ ವಿದ್ಯಾರ್ಥಿಗಳನ್ನು ಬೇಕಾದಷ್ಟು ಕಂಡಿದ್ದಳು, ಗುದ್ದುವವರನ್ನು ಕಂಡಿರಲಿಲ್ಲ.

"ಇಲ್ಲಿ ಪೆನ್ಸಿಲ್ ಹಿಡಿಯುವುದು ಬಂದವರು. ನಾನು ಕೇಳುವುದು ಮಾತ್ರ," ಎಂದಳು ತನ್ನ ಕಾಸರಗೋಡಿನ ಕನ್ನಡದಲ್ಲಿ.

ಅವನು ತಂದಿದ್ದ ಕ್ಷಮಾಪಣೆ ಪತ್ರ ಮೇಜಿನ ಮೇಲಿತ್ತು. ಫೋನು ಬರೆದುಕೊಟ್ಟ ಇಂಗ್ಲಿಷು, ಹುಡುಕಿದರೂ ತಪ್ಪಿಲ್ಲ. ದುರದೃಷ್ಟಕರ ಘಟನೆ, ತೀವ್ರ ವಿಷಾದ. ಹೊಡೆದವನೂ ಇಲ್ಲ, ಹೊಡೆಸಿಕೊಂಡವನೂ ಇಲ್ಲ. ಶಿಸ್ತು ಸಮಿತಿ ಅದನ್ನು ವಾಪಸು ಕೊಟ್ಟು, ಬರವಣಿಗೆ ಕೇಂದ್ರದಲ್ಲಿ ಕನ್ನಡದವರಿದ್ದಾರೆ, ಅಲ್ಲಿ ಸರಿಮಾಡಿಸಿಕೊಂಡು ನಾಲ್ಕು ಗಂಟೆಯೊಳಗೆ ತಾ, ಇಲ್ಲದಿದ್ದರೆ ಸೀಟು ಹೋಯಿತೆಂದುಕೋ ಎಂದಿತ್ತು. ಪತ್ರ ಒಪ್ಪಿಗೆಯಾದರೆ ಅದು ಅವನಿಂದ ಏಟು ತಿಂದು ಕೊಚ್ಚಿಯ ಆಸ್ಪತ್ರೆಯಲ್ಲಿ ಮಲಗಿರುವ, ಅದೇ ಹಾಸ್ಟೆಲಿನ ಅದ್ವೈತ್‌ಗೆ ಹೋಗಬೇಕು. ಕಾಲೇಜಿನ ದೊಡ್ಡವರಿಗೆಲ್ಲ ಈ ಕೇಂದ್ರವೆಂದರೆ ಇಸ್ತ್ರಿ ಅಂಗಡಿ. ಸುಕ್ಕುಗಟ್ಟಿದ್ದನ್ನು ಕೊಟ್ಟರೆ ಮಡಚಿ ಕೊಡುತ್ತಾರೆ.

"ಎಷ್ಟು ಸಲ ಹೊಡೆದದ್ದು?"

"ನೆಪ್ಪಿಲ್ಲ. ಹೆಲ್ಮೆಟ್ ಕೈಯಾಗಿತ್ತು. ಅಂವಾ ನನ್ನ ಮಲಯಾಳಂ ಅಣಕಿಸಿ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ದ. ಇಡೀ ಹಾಸ್ಟೆಲ್ ನಕ್ಕಿತ್ರಿ."

"ಅದನ್ನೂ ಬರಿ. ಎಷ್ಟು ಸಲ?"

ಅಣ್ಣಪ್ಪ ದಡಕ್ಕನೆ ಎದ್ದ. ಅವಳ ಮಣಿಕಟ್ಟು ಹಿಡಿದು, ಬೆರಳುಗಳ ನಡುವೆ ಪೆನ್ಸಿಲ್ ತುರುಕಿ ತಿರುಚಿದ. "ಬರೀರಿ ಅಂದೆ." ಪೆನ್ಸಿಲ್ ಅಂಗೈಯಲ್ಲೇ ಮುರಿಯಿತು. ಅವನು ನೂಕಿದ ರಭಸಕ್ಕೆ ಅವಳ ಬೆನ್ನು ಕಬ್ಬಿಣದ ಕಪಾಟಿಗೆ ಬಡಿಯಿತು, ಮೊಣಕೈಯ ಚರ್ಮ ಕಿತ್ತುಬಂತು. ಅವನ ಇನ್ನೊಂದು ಕೈ ಮೇಲೆದ್ದಿತ್ತು. ಅವನ ಹಿಡಿತಕ್ಕೆ ಸಿಗದ ಕೈಯಿಂದ ರಾಜೀವಿ ಮುಖ ಮುಚ್ಚಿಕೊಂಡಳು.

ಏಟು ಬೀಳಲಿಲ್ಲ.

"ಅಂವಾನೂ ಹಿಂಗ ಮುಖಾ ಮುಚ್ಕೊಂಡಿದ್ದ," ಎಂದ ಅಣ್ಣಪ್ಪ. ಮಣಿಕಟ್ಟು ಬಿಟ್ಟ.

"ಆಗ ನಿಲ್ಲಿಸಿದೆಯಾ?"

"ಇಲ್ರಿ. ಮತ್ತೊಂದ್ ಹೊಡದೆ."

ಹೊರಗೆ ಹೋಗಿ ಕಾವಲುಗಾರನನ್ನು ಕರೆಯಬಹುದಿತ್ತು. ಆದರೆ ಅವಳಿಗೆ ಸಿಟ್ಟು ಬಂದಿತ್ತು. ಇವನ ಮೇಲೆ, ಇವನನ್ನು ತನ್ನ ಬಳಿ ಅಟ್ಟಿದವರ ಮೇಲೆ. "ಕೂತುಕೋ," ಎಂದಳು. "ಅದನ್ನೇ ಬರಿ."

ಅವನು ಒಂದು ಗಂಟೆ ಬರೆದ. ಹರಕುಮುರುಕು ಇಂಗ್ಲಿಷು, ಅವನದೇ. ಮೊದಲ ಏಟು ಭುಜಕ್ಕೆ, ಎರಡನೆಯದು ಕಿವಿಗೆ. ಮೂರನೆಯದಕ್ಕೆ ಕನ್ನಡಕ ಒಡೆದು ಅದ್ವೈತ್ ಕೆಳಗೆ ಬಿದ್ದ, ಮುಖ ಮುಚ್ಚಿಕೊಂಡ. ನಾಲ್ಕನೆಯದು ಆ ಬೆರಳುಗಳ ಮೇಲೆಯೇ. ಎರಡು ಬೆರಳು ಮುರಿದು, ಗಾಜು ಕಣ್ಣೊಳಗೆ ಇಳಿಯಿತು. ರಾಜೀವಿ ಮೊಣಕೈಗೆ ಕರವಸ್ತ್ರ ಒತ್ತಿಕೊಂಡು ಓದಿದಳು. ಒಂದಕ್ಷರ ತಿದ್ದಲಿಲ್ಲ.

"ಇದನ್ನು ಕೊಟ್ಟರೆ ಸೀಟು ಉಳಿಯುವುದು ಕಷ್ಟ. ಗೊತ್ತುಂಟಲ್ಲ?"

"ಗೊತ್ತೈತ್ರಿ."

"ನನ್ನ ಮೇಲೆ ಕೈ ಮಾಡಿದ್ದನ್ನು ನಾನು ಬೇರೆಯೇ ಬರೆದು ಕೊಡ್ತೇನೆ."

"ಕೊಡ್ರಿ."

ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಅಂವನ ಎರಡೂ ಕಣ್ಣಿಗೆ ಪಟ್ಟಿ ಕಟ್ಯಾರಂತಲ್ರಿ. ಇದನ್ನ ಯಾರ್ ಓದಿ ಹೇಳ್ತಾರ ಅಂವಗ?"

"ಜೊತೆಗೆ ಇರುವುದು ಅವನ ತಾಯಿ ಒಬ್ಬರೇ ಅಂತೆ. ಅವರೇ ಓದಬೇಕಷ್ಟೆ."

ಅಣ್ಣಪ್ಪ ಮಡಚಿದ್ದ ಹಾಳೆ ಬಿಡಿಸಿದ. ನಾಲ್ಕನೆಯ ಏಟಿನ ಕೆಳಗೆ, ಅದು ಬಿದ್ದಾಗ ಅದ್ವೈತ್ ಕೂಗಿದ್ದನ್ನೂ ಬರೆದಿದ್ದ. ಒಂದೇ ಮಾತು, 'ಅಮ್ಮೇ'.

"ಈ ಮಾತ್ ತೆಗೀಲೇನ್ರಿ?"

ರಾಜೀವಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಗಟ್ಟಿಯಾಗಿ ಓದಿ ನೋಡು," ಎಂದಳು.

ಅವನು ಬಂದು ಕೂತ. ನಾಲ್ಕಕ್ಕೆ ಇನ್ನು ಹತ್ತು ನಿಮಿಷವಿತ್ತು. ರೋಗಿಯ ಪಕ್ಕ ಕೂತು ಓದುವವರಂತೆ, ನಿಧಾನವಾಗಿ, ಮೊದಲ ಸಾಲಿನಿಂದ ಓದತೊಡಗಿದ. ಭುಜ ಬಂತು, ಕಿವಿ ಬಂತು, ಕನ್ನಡಕ ಬಂತು. ಬೆರಳುಗಳು ಬಂದವು. ಆ ಮಾತಿನ ಹತ್ತಿರ ಬಂದು ಬಾಯಿ ತೆರೆದ. ದನಿ ಹೊರಡಲಿಲ್ಲ.