ಎರಡು ಕೈಯ ಚಂದ್ರ

ಕಾಲಡಿಯ ಹಲಗೆ ಸಣ್ಣಗೆ ನಡುಗಿತು, ಮತ್ತೆ ನಡುಗಿತು, ಸಭೆಯಲ್ಲಿ ಯಾರೋ ಕಾಲು ಅಪ್ಪಳಿಸಿ ಮುಂದಿನ ಸಾಲಿನವರನ್ನು ಕರೆಯುತ್ತಿರಬೇಕು, ಅಥವಾ ಸಿಗ್ರಿಡ್ ತನ್ನ ಕಥೆಯ ಕುದುರೆಯನ್ನು ಓಡಿಸಲು ಶುರುಮಾಡಿರಬೇಕು, ಪರದೆಯ ಸಂದಿನಿಂದ ಜೊನೆಲ್‌ಗೆ ಕಾಣುವುದು ಒಂದು ಪಟ್ಟಿಯಷ್ಟೇ — ಬಿಳಿ ಬೆಳಕು, ಸಿಗ್ರಿಡ್‌ಳ ಮೊಣಕೈ, ಅದರಾಚೆ ಮಬ್ಬಿನಲ್ಲಿ ಮೂರನೆಯ ಸಾಲು, ಆ ಸಾಲಿನಲ್ಲಿ ಒಂದು ನೇರಳೆ ಟೋಪಿ. ಟೋಪಿ ತೆಗಿ ಅಜ್ಜಿ, ಹಿಂದಿನವರಿಗೆ ವೇದಿಕೆ ಕಾಣಲ್ಲ, ಕಿವುಡರ ಸಭೆಯಲ್ಲಿ ಟೋಪಿ ಹಾಕ್ಕೊಂಡು ಕೂತ್ರೆ ಕೊಂದೇಬಿಡ್ತಾರೆ ಅಂತ ಜೊನೆಲ್ ಬೆಳಿಗ್ಗೆಯೇ ಹೇಳಿದ್ದಳು, ಕಾಣ್ದೇ ಇದ್ರೆ ಎದ್ದು ಮುಂದೆ ಬರ್ಲಿ, ಅಲಬಾಮದಿಂದ ಬಸ್ಸಲ್ಲಿ ಬಂದಿರೋದು ನಾನಾ ಅವ್ರಾ ಅಂದಿದ್ದಳು ಅಜ್ಜಿ ಓಡೆಸ್ಸಾ, ಎರಡೂ ಕೈಯ ಸನ್ನೆಯಲ್ಲಿ, ಊಟದ ಮನೆಯಲ್ಲಿ ನಾಲ್ಕು ಮೇಜಿನಾಚೆ ಕೂತವರಿಗೂ ಕಾಣುವಷ್ಟು ದೊಡ್ಡದಾಗಿ, ಅವರೆಲ್ಲ ಇತ್ತ ತಿರುಗಿ ನಕ್ಕಿದ್ದರು, ಜೊನೆಲ್‌ಗೆ ತಟ್ಟೆಯೊಳಗೆ ಮುಖ ಹುದುಗಿಸಿಕೊಳ್ಳೋಣ ಅನಿಸಿತ್ತು, ಅನಿಸಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಗಿತ್ತು. ಈಗ ಸಿಗ್ರಿಡ್ ಆದಮೇಲೆ ತಾನು. ತಾನಾದಮೇಲೆ ಯಾರೂ ಇಲ್ಲ, ಪ್ರೂಯಿಟ್ ಮೇಷ್ಟ್ರು ಎದ್ದು ಒಬ್ಬರತ್ತ ಬೆರಳು ತೋರಿಸುತ್ತಾರೆ, ಆ ಒಬ್ಬರು ಬೇಸಿಗೆಯೆಲ್ಲ ಅವರ ಕಥೆಯ ತಂಡದ ವ್ಯಾನಿನಲ್ಲಿ ದೇಶ ಸುತ್ತುತ್ತಾರೆ, ಊರೂರಿನ ಕಿವುಡ ಮಕ್ಕಳ ಶಾಲೆಗಳಿಗೆ ಹೋಗಿ ಕಥೆ ಹೇಳುತ್ತಾರೆ. ವಾಷಿಂಗ್ಟನ್ನಿನ ಕಿವುಡರ ಕಾಲೇಜಿಗೆ ಬಂದ ಮೊದಲ ವಾರವೇ ಅಂಗಳದಲ್ಲಿ ನಿಂತಿದ್ದ ಆ ಹಳದಿ ವ್ಯಾನನ್ನು ನೋಡಿದ್ದಳು, ಒಳಗೆ ಆರು ಜನ ಒಬ್ಬರ ಮೇಲೊಬ್ಬರು ಬಿದ್ದು ಕೈ ಕೈ ತಾಗಿಸಿಕೊಂಡು ಹರಟುತ್ತಿದ್ದರು, ಡ್ರೈವರ್ ಕನ್ನಡಿಯಲ್ಲೇ ಜಗಳಕ್ಕೆ ಉತ್ತರ ಕೊಡುತ್ತಿದ್ದ, ನನಗೂ ಒಂದು ಸೀಟು, ಕಿಟಕಿಯದೇ ಬೇಡ, ನಡುವಿನದಾದರೂ ಸರಿ ಎಂದುಕೊಂಡಿದ್ದಳು, ಇವತ್ತಿಗೂ ಅದೇ ಬೇಡಿಕೆ. ಎಡ ಅಂಗೈಯಿಂದ ಕರ್ಪೂರದ ವಾಸನೆ ಬರುತ್ತಿದೆ. ತೊಡೆಗೆ ಒರೆಸಿಕೊಂಡರೂ ಹೋಗುತ್ತಿಲ್ಲ.

ಆ ಕೈ ಯಾವಾಗ ನಿದ್ದೆ ಹೋಯಿತು ಎಂದು ಕೇಳಿದರೆ ಅವಳಿಗೇ ಹೇಳಲು ಬರುವುದಿಲ್ಲ, ಯಾರೂ ಕಟ್ಟಿಹಾಕಲಿಲ್ಲ, ಬೈಯಲಿಲ್ಲ, ಮೊದಲ ದಿನ ಇಬ್ಬರಿಗೂ ಕೊಟ್ಟ ಕೋಣೆಯ ಬಾಗಿಲಲ್ಲಿ ಸಿಗ್ರಿಡ್ ಕಣ್ಣರಳಿಸಿ ನೋಡಿದ್ದಷ್ಟೇ — ಅಯ್ಯೋ, ಏನೇ ಇದು, ವಿಮಾನ ಇಳಿಸೋರ ಥರ ಕೈ ಬೀಸ್ತೀಯಲ್ಲೇ, ನಾನಿಲ್ಲೇ ಇದೀನಿ, ಆಕಾಶದಲ್ಲಿಲ್ಲ. ಸಿಗ್ರಿಡ್‌ಳ ಮನೆಯಲ್ಲಿ ನಾಯಿಯೊಂದನ್ನು ಬಿಟ್ಟು ಎಲ್ಲರೂ ಕಿವುಡರು, ಅಜ್ಜ ಮುತ್ತಜ್ಜ ಎಲ್ಲ ಇದೇ ಕಾಲೇಜಿನಲ್ಲಿ ಓದಿದವರು, ಅವಳ ಕೈಮಾತು ಎದೆಯ ಮುಂದೆ ಒಂದು ಪುಸ್ತಕದಷ್ಟೇ ಜಾಗದಲ್ಲಿ ಸರಸರ ಹರಿಯುತ್ತದೆ, ಬಹಳಷ್ಟು ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಜೊನೆಲ್‌ಗೆ ಕೈಮಾತು ಬಂದಿದ್ದು ಅಜ್ಜಿಯ ಮಡಿಲಲ್ಲಿ, ಅಮ್ಮನಿಗೆ ಕಿವಿ ಕೇಳುತ್ತದೆ, ಅಮ್ಮ ಕೋಳಿ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಪಾಳಿ, ಮನೆಯಲ್ಲಿ ಇಬ್ಬರೇ ಕಿವುಡರು, ಮುದುಕಿ ಮತ್ತು ಮಗು, ಗೊತ್ತು ಅನ್ನಬೇಕಾದರೆ ಅಜ್ಜಿ ಹಣೆ ಮುಟ್ಟುತ್ತಾಳೆ, ಇಲ್ಲಿಯವರು ಕೆನ್ನೆಗೆ ಬೆರಳು ತಾಗಿಸಿ ಮುಗಿಸುತ್ತಾರೆ, ಬೇಕು ಅನ್ನಲು, ಸಾಕಾಯ್ತು ಅನ್ನಲು, ಮರೆತೆ ಅನ್ನಲು ಅಜ್ಜಿಗೆ ಎರಡು ಕೈಯೂ ಬೇಕು. ಅಜ್ಜಿ ಓದುವಾಗ ಕಪ್ಪು ಜನರ ಕಿವುಡ ಮಕ್ಕಳಿಗೆ ಒಂದು ಶಾಲೆ, ಬಿಳಿಯರ ಕಿವುಡ ಮಕ್ಕಳಿಗೆ ಊರಿನ ಆಚೆ ತುದಿಯಲ್ಲಿ ಇನ್ನೊಂದು, ಅಲ್ಲಿ ಪಿಯಾನೋ ಇತ್ತಂತೆ, ಕಿವುಡರ ಶಾಲೆಗೆ ಪಿಯಾನೋ, ಅದನ್ನು ಹೇಳುವಾಗ ಅಜ್ಜಿಗೆ ನಗು ತಡೆಯುವುದಿಲ್ಲ. ಅವ್ರಿಗೆ ಒಳ್ಳೇ ಮೇಷ್ಟ್ರು ಇದ್ರು ಕಣೇ ಕೂಸೇ, ಬಾಯಲ್ಲೇ ಮಾತಾಡಿ ಅಂತ ಮಕ್ಕಳ ಕೈ ಮೇಲೆ ಹೊಡೀತಿದ್ರು, ನಮ್ಮ ಕಡೆ ಯಾರು ತಲೆ ಕೆಡಿಸ್ಕೋತಾರೆ, ಸೂರು ಸೋರಿದ್ರೂ ನೋಡೋರಿಲ್ಲ, ಅದಕ್ಕೇ ನಮ್ಮ ಕೈ ನಮಗೆ ಉಳೀತು. ಹಾಗೆ ಉಳಿದ ಕೈ. ಅದನ್ನು ತಂದು ಇಲ್ಲಿ ತೆರೆದರೆ ತರಗತಿಯಲ್ಲಿ ಒಬ್ಬ ನಗುತ್ತ ಹೇಳಿದ, ನೀನು ಯಾರದೋ ಅಜ್ಜಿ ಥರ ಮಾತಾಡ್ತೀಯ, ಅವಮಾನವೆಂದು ತಿಳಿದು ಎರಡು ದಿನ ಊಟ ಸೇರಿರಲಿಲ್ಲ, ಯಾರದೋ ಅಲ್ಲ, ನನ್ನ ಅಜ್ಜಿಯ ಥರ, ಎಂದು ಹೇಳಬಹುದಿತ್ತು, ಆಗ ಹೊಳೆಯಲಿಲ್ಲ. ಪ್ರೂಯಿಟ್ ಮೇಷ್ಟ್ರು ಕೆಟ್ಟವರಲ್ಲ, ಅವರೂ ಕಿವುಡರೇ, ಪ್ರೀತಿಯಿಂದಲೇ ಅವಳ ಎಡಗೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು, ಒಂದು ಸಾಕಮ್ಮ, ವೇದಿಕೆ ಮೇಲೆ ಎಷ್ಟು ಕಮ್ಮಿ ಅಲ್ಲಾಡಿದ್ರೆ ಅಷ್ಟು ಚೆಂದ, ಇದು ಹಳೇ ಕಾಲದ ಸನ್ನೆ, ಈಗಿನ ಮಕ್ಕಳಿಗೆ ಅರ್ಥ ಆಗ್ಬೇಕಲ್ಲ. ಇಳಿದ ಕೈ ಇಳಿದೇ ಉಳಿಯಿತು, ತೊಡೆಯ ಮೇಲೆ, ಜೇಬಿನೊಳಗೆ. ಚಳಿಗಾಲ ಮುಗಿಯುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ, ಸಿಗ್ರಿಡ್‌ಳಂತೆಯೇ ಅವಳೂ ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದರಲ್ಲಿ ಹರಟುತ್ತಿದ್ದಳು, ಎಷ್ಟು ಸಲೀಸು, ಎಷ್ಟು ಹಗುರ, ಗುಂಪಿನಲ್ಲಿ ಸಕ್ಕರೆಯಂತೆ ಕರಗಿಹೋಗುವುದು.

ಆಮೇಲೆ ಆ ಭಾನುವಾರ, ಫೋನಿನ ತೆರೆಯಲ್ಲಿ ಅಜ್ಜಿ, ಹಿಂದೆ ಅಡುಗೆಮನೆಯ ಹಸಿರು ಗೋಡೆ, ಏನೋ ಕುದಿಯುತ್ತಿದೆ, ಜೊನೆಲ್ ವಾರದ ಸುದ್ದಿಯೆಲ್ಲ ಹೇಳುತ್ತ ಹೋದಳು, ಅಜ್ಜಿಯ ಹುಬ್ಬು ಗಂಟಾಗುತ್ತ ಹೋಯಿತು, ತೆರೆಗೆ ಮೂಗು ತಾಗುವಷ್ಟು ಹತ್ತಿರ ಬಂದು, ನಿಲ್ಸು ನಿಲ್ಸು, ನಿನ್ನ ಎಡಗೈಗೆ ಏನಾಯ್ತೇ? ಏನಿಲ್ಲ ಅಜ್ಜಿ. ಏನಿಲ್ಲ ಅಂದ್ರೆ? ಮುರ್ಕೊಂಡ್ಯಾ? ಯಾರಾದ್ರೂ ತಿರುಚಿದ್ರಾ? ಅದ್ಯಾಕೆ ಸತ್ತ ಮೀನಿನ ಹಾಗೆ ಕೆಳಗೆ ಬಿದ್ದಿದೆ? ನಿನ್ನ ಸನ್ನೆ ಇಲ್ಲಿ ಯಾರಿಗೂ ಬೇಡವಂತೆ ಎಂದು ಹೇಗೆ ಹೇಳುವುದು ಆ ಮುಖಕ್ಕೆ, ಯಾವ ಕೈಯಲ್ಲಿ ಹೇಳುವುದು, ಉಳುಕಿದೆ ಅಷ್ಟೇ ಎಂದುಬಿಟ್ಟಳು, ಒಂದೇ ಕೈಯಲ್ಲಿ. ಅದಕ್ಕೆ ಅಜ್ಜಿ ಬಸ್ಸು ಹತ್ತಿಬಿಡುತ್ತಾಳೆಂದು ಯಾರು ಕಂಡಿದ್ದರು, ಇವತ್ತು ಬೆಳಿಗ್ಗೆ ನಿಲ್ದಾಣದಲ್ಲಿ ನೇರಳೆ ಟೋಪಿ, ಎದೆಗವಚಿಕೊಂಡ ಕರಿ ಚೀಲ, ದಾರಿಗೆಂದು ಕಟ್ಟಿಕೊಂಡ ಕರಿದ ಕೋಳಿಯ ಖಾಲಿ ಡಬ್ಬಿ, ಇನ್ನೊಂದರಲ್ಲಿ ಕರ್ಪೂರದ ಮುಲಾಮು. ಕಥೆ ಹೇಳುವ ಆಯ್ಕೆ ಇದ್ದದ್ದು ಇವತ್ತೇ ಎಂದು ಅಜ್ಜಿಗೆ ಗೊತ್ತೂ ಇರಲಿಲ್ಲ. ಕೋಣೆಗೆ ಬಂದದ್ದೇ ಜೊನೆಲ್‌ಳನ್ನು ಹಾಸಿಗೆಯ ಮೇಲೆ ಕೂರಿಸಿ, ಅಂಗಿಯ ತೋಳು ಮಡಿಸಿ, ಮುಲಾಮು ಹಚ್ಚಿ ಬೆರಳು ಬೆರಳನ್ನೂ ಒತ್ತುತ್ತ ಹೋದಳು, ಮಣಿಕಟ್ಟು, ಹೆಬ್ಬೆರಳ ಬುಡ, ಕಿರುಬೆರಳು, ಜೊನೆಲ್ ನೋವೆಂದು ಮುಖ ಕಿವುಚಲು ನೋಡಿದಳು, ತಪ್ಪು ಬೆರಳಿಗೆ ಕಿವುಚಿರಬೇಕು, ಅಜ್ಜಿಯ ಕೈ ನಿಂತಿತು. ಅರವತ್ತು ವರ್ಷ ಇಸ್ತ್ರಿ ಅಂಗಡಿಯಲ್ಲಿ ದುಡಿದ ಕೈ, ಒರಟು, ಬಿಸಿ. ಸಿಗ್ರಿಡ್ ಮಂಚದ ತುದಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಾಳೆ, ಅಯ್ಯೋ ದೇವರೇ. ಅಜ್ಜಿ ಕೈ ಒರೆಸಿಕೊಂಡು ಹೇಳಿದಳು, ಈ ಕೈಗೆ ಏನೂ ಆಗಿಲ್ಲ. ಆಗಿರೋದು ನನ್ನ ಸೊಂಟಕ್ಕೆ, ಒಂದು ಹಗಲು ಒಂದು ರಾತ್ರಿ ಬಸ್ಸಲ್ಲಿ ಕೂತು. ಉಳಿದಿದ್ದನ್ನ ನನಗೇ ತಿಕ್ಕು ಬಾ. ಅಷ್ಟೇ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಸೊಂಟ ತಿಕ್ಕುತ್ತಿದ್ದಾಗ ಅಜ್ಜಿಯ ಬೆನ್ನು ಅಲುಗಿದ್ದು ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಊಟದ ಮನೆಗೆ ಹೋಗುವ ದಾರಿಯಲ್ಲಿ ಜೊನೆಲ್ ತಾನಾಗಿ ಹೇಳಿದಳು, ಇವತ್ತು ಚಂದ್ರನ ಕಥೆ ಹೇಳ್ತೀನಿ ಅಜ್ಜಿ, ನಿನ್ನದು. ಅಜ್ಜಿ ನಿಂತಳು. ಮೀಸೆಮೀನಿನ ಕಥೆಯಾ? ಹೂಂ. ಒಂದು ಕೈಯಲ್ಲಾ? ಜೊನೆಲ್ ಎಡಗೈಯನ್ನು ಜೇಬಿಗಿಳಿಸಿದಳು, ಇಲ್ಲಿಯ ಮೇಷ್ಟ್ರು ಹಾಗೇ ಕಲಿಸಿದ್ದು, ಹಾಗೆ ಹೇಳಿದರೇ ಆರಿಸುತ್ತಾರೆ. ಅಜ್ಜಿ ಚೀಲವನ್ನು ತೋಳಿಗೆ ಏರಿಸಿಕೊಂಡು, ನೀನು ಕಾಲಲ್ಲಿ ಬೇಕಾದ್ರೂ ಹೇಳು, ನಾನು ನಿದ್ದೆ ಮಾಡಲ್ಲ ಅಂದಳು.

ದೀಪ ಆರಿತು, ಹತ್ತಿತು. ಸಿಗ್ರಿಡ್ ಬೆವರಿಳಿಸುತ್ತ ಪರದೆಯೊಳಗೆ ನುಗ್ಗಿ ಬಂದು ತೋಳಿಗೆ ಗುದ್ದಿದಳು, ಹೋಗೇ, ಯಾಕೆ ನಿಂತಿದೀಯ, ಜೊನೆಲ್ ವೇದಿಕೆಗೆ ಬಂದಳು, ಬೆಳಕು ಕಣ್ಣಿಗೆ ಹೊಡೆಯುತ್ತದೆ, ಮುಖಕ್ಕೆ ಬೀಳಬೇಕು, ಇಲ್ಲಿ ನಿಂತರೆ ಬೀಳುತ್ತದೆ, ಸರಿ, ಕಾಲ ಕೆಳಗೆ ಗುರುತಿನ ಬಿಳಿ ಪಟ್ಟಿ. ಹಿಂದಿನ ಕಾಲದಲ್ಲಿ, ಕೂಸಾ ಹೊಳೆಯ ಮೇಲೆ, ಚಂದ್ರ ತನ್ನ ಮುಖ ನೋಡಿಕೊಳ್ಳಲು ಬಗ್ಗಿದ. ಬಲಗೈ ತಾನಾಗಿ ಹೋಗುತ್ತದೆ, ಕಲಿತದ್ದು ಕಲಿತ ಹಾಗೆ, ಹೊಳೆ ಹರಿಯಿತು, ಹುಲ್ಲು ಬಾಗಿತು, ಮೊದಲ ಸಾಲಿನಲ್ಲಿ ಪ್ರೂಯಿಟ್ ಮೇಷ್ಟ್ರು ತಲೆದೂಗುತ್ತಿದ್ದಾರೆ, ಚೆನ್ನಾಗಿ ಹೋಗುತ್ತಿದೆ, ಹಳದಿ ವ್ಯಾನು, ನಡುವಿನ ಸೀಟು. ಬಗ್ಗಿದ ಚಂದ್ರ ಜಾರಿ ನೀರಿಗೆ ಬಿದ್ದ, ಮೀಸೆಮೀನು ಗುಳುಂ ಎಂದು ನುಂಗಿತು, ಲೋಕವೆಲ್ಲ ಕತ್ತಲು, ಊರವರು ದಡಕ್ಕೆ ಓಡಿ ಬಂದು ಗಂಟೆ ಹೊಡೆದರು, ಡೋಲು ಬಡಿದರು, ಪಾದ್ರಿ ಗಂಟಲು ಹರಿಯುವಂತೆ ಕೂಗಿದ — ಸಭೆ ನಗುತ್ತಿದೆ, ಅಷ್ಟೂ ಜನ ಕಿವುಡರು, ಕೂಗುವವರನ್ನು ಕಂಡರೆ ನಗದೆ ಇನ್ನೇನು — ಮೀನಿಗೆ ಎಲ್ಲಿಯ ಕಿವಿ. ನೇರಳೆ ಟೋಪಿ ಈಗ ತಲೆಯ ಮೇಲಿಲ್ಲ, ಮಡಿಲಲ್ಲಿದೆ, ತೆಗೆದಿದ್ದಾಳೆ, ಯಾವಾಗ ತೆಗೆದಳು, ಬಿಳಿ ಕೂದಲು ಸಣ್ಣದಾಗಿ ಕಾಣುತ್ತದೆ, ಅಜ್ಜಿಯ ತಲೆ ಇಷ್ಟು ಚಿಕ್ಕದಾ. ಆಗ ಬಂದಳು ಕಿವುಡಿ ಹುಡುಗಿ, ಕೂಗಿ ಪ್ರಯೋಜನವಿಲ್ಲವೆಂದು ಗೊತ್ತಿದ್ದವಳು ಅವಳೊಬ್ಬಳೇ, ಸೊಂಟದವರೆಗೆ ನೀರಿಗಿಳಿದು, ಕೈ ಮುಳುಗಿಸಿ, ಕಾದಳು, ಕಾದಳು, ನೀರಡಿಯಲ್ಲಿ ಬೆರಳುಗಳಿಗೆ ಮೀಸೆ ತಾಗಿತು, ಮೀನು ಬಾಯಿ ತೆರೆಯಿತು. ಈಗ ಚಂದ್ರ ಮೇಲೇಳಬೇಕು. ಇಲ್ಲಿಯ ಚಂದ್ರನಿಗೆ ಹೆಬ್ಬೆರಳು ತೋರುಬೆರಳು ಬಾಗಿಸಿ ಕಣ್ಣಿನ ಪಕ್ಕ ಹಿಡಿದರೆ ಆಯಿತು, ಬಲಗೈ ಕಣ್ಣಿನ ಪಕ್ಕಕ್ಕೆ ಬಂತು, ನಿಂತಿತು, ಅರ್ಧ, ಉಗುರಿನಷ್ಟೇ ಒಂದು ಚೂರು, ಇದನ್ನು ಎತ್ತಲು ಯಾರು ಹೊಳೆಗಿಳಿಯುತ್ತಾರೆ, ಇಷ್ಟಕ್ಕೆ ಊರೆಲ್ಲ ಅಳುತ್ತದೆಯೇ — ಚಿಕ್ಕಂದಿನಲ್ಲಿ ಮಲಗುವ ಹೊತ್ತಿಗೆ ಅಡುಗೆಮನೆಯ ಹಸಿರು ಗೋಡೆಯ ಮುಂದೆ ಅಜ್ಜಿಯ ಎರಡು ಅಂಗೈಗಳು ನೀರಿನಿಂದ ಎದ್ದು ಬರುತ್ತಿದ್ದವು, ನಡುವೆ ದೊಡ್ಡ ಕುಂಬಳಕಾಯಿಯಷ್ಟು ಬಯಲು, ಆ ಬಯಲು ಬೆಳಗುತ್ತಿತ್ತು, ನಿಜಕ್ಕೂ ಬೆಳಗುತ್ತಿತ್ತು, ತನ್ನ ಮುಖಕ್ಕೆ ಬೆಳಕು ಬೀಳುತ್ತಿತ್ತು — ಮೇಷ್ಟ್ರು ಕಾಯುತ್ತಿದ್ದಾರೆ, ಪೆನ್ಸಿಲ್ ಕೈಯಲ್ಲಿದೆ, ಬಲಗೈ ಇನ್ನೂ ಕಣ್ಣಿನ ಪಕ್ಕದಲ್ಲಿದೆ, ವ್ಯಾನು ಹೋದರೆ ಹೋಗಲಿ, ಇಲ್ಲ, ಹೋಗದಿರಲಿ, ಆದರೆ ಚಂದ್ರ ಮಾತ್ರ ಅರ್ಧವಾಗಿ ಬೇಡ. ಬಲಗೈಯನ್ನು ಇಳಿಸಿದಳು. ಮೊಣಕಾಲು ಮಡಿಸಿ ಮತ್ತೆ ನೀರಿಗೆ ಬಗ್ಗಿದಳು, ಈಗ ಎರಡೂ ಕೈ ಒಳಗೆ, ಎಡಗೈ ಮೊದಲು ಭಾರ, ಆಮೇಲೆ ಬಿಸಿ, ಕರ್ಪೂರದ ವಾಸನೆ ಮುಖದ ಹತ್ತಿರ ಏರಿ ಬರುತ್ತಿದೆ, ಎದೆಯನ್ನು ದಾಟಿ, ಗದ್ದವನ್ನು ದಾಟಿ, ಯಾವ ಪುಸ್ತಕದ ಅಳತೆಯನ್ನೂ ಕೇಳದೆ ಮೇಲೆ, ಹಣೆಯ ಮೇಲೆ, ತೋಳು ಚಾಚಿದಷ್ಟೂ ಮೇಲೆ. ಮೇಷ್ಟ್ರ ಪೆನ್ಸಿಲ್ ಮಡಿಲಿಗೆ ಬಿತ್ತು, ಅವರು ಅದನ್ನು ಹುಡುಕುತ್ತಿಲ್ಲ, ಕತ್ತೆತ್ತಿ ನೋಡುತ್ತಿದ್ದಾರೆ, ಬಾಯಿ ಸ್ವಲ್ಪ ತೆರೆದಿದೆ, ಅವರ ಹಿಂದಿನ ಸಾಲು, ಅದರ ಹಿಂದಿನದು, ಅಷ್ಟೂ ಮುಖಗಳು ಮೇಲಕ್ಕೆ. ಕಾಲಡಿಯ ಹಲಗೆಯಲ್ಲಿ ಧಪ್ ಎಂದು ಒಂದು ಅದುರು, ಮೂರನೆಯ ಸಾಲಿನಿಂದ, ಕರಿ ಚೀಲ ನೆಲಕ್ಕೆ ಬಿದ್ದಿದೆ, ಟೋಪಿಯೂ, ಮಡಿಲು ಖಾಲಿ, ಏಕೆಂದರೆ ಅಲ್ಲಿಯೂ ಮಬ್ಬಿನಲ್ಲಿ ಎರಡು ಕೈಗಳು ತಾವಾಗಿ ಏಳುತ್ತಿವೆ, ಒರಟು ಅಂಗೈಗಳು, ಎದುರುಬದುರು, ನಡುವೆ ದುಂಡನೆಯ ಬಯಲು, ಮೇಲೇರುತ್ತ, ಎರಡು ಕೈ, ಎರಡು ಕೈ.